ಚೋನಾ ಕೊಡಲಿಲ್ಲ

ನನ್ನ ಬಾಯಿ ದೊಡ್ಡದು ಅಂತ ಡೆನ್ವರ್‌ನಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಅಂಗಡಿ ಅಂಗಡಿ ಸುತ್ತಿ ಕಾರ್ಡ್ ಉಜ್ಜುವ ಯಂತ್ರ ಮಾರಿಕೊಂಡು ಬದುಕಿದವನ ಬಾಯಿ ಚಿಕ್ಕದಾಗಿದ್ದರೆ ಹೊಟ್ಟೆ ತುಂಬುತ್ತಿತ್ತೇ? ಫೆಡರಲ್ ಬೂಲೆವಾರ್ಡ್ ಉದ್ದಕ್ಕೂ ಟೈರ್ ಅಂಗಡಿ, ಕ್ಷೌರದಂಗಡಿ, ಬುರಿಟೊ ರೊಟ್ಟಿಸುರುಳಿ ಮಾರುವ ಗಾಡಿ, ಯಾವುದಕ್ಕೆ ಬೇಕಾದರೂ ನುಗ್ಗಿ ಕೇಳಿ, ಮೊದಲ ಯಂತ್ರ ತಂದಿಟ್ಟವನು ಡೆಲ್ಫೀನೋ ತ್ರುಹಿಯೋ ಅನ್ನುತ್ತಾರೆ. ಅದು ನಾನೇ. ಆದ್ದರಿಂದ ಈಗ ಹೇಳುವುದರಲ್ಲಿ ಒಂದಿಷ್ಟು ಜಂಬ ಕಂಡರೆ ಸಹಿಸಿಕೊಳ್ಳಿ. ಈ ಸಲದ ಜಂಬ ನನ್ನ ಬಗ್ಗೆ ಅಲ್ಲ.

ನನ್ನ ತಂಗಿ ರಮೋನಾಳ ಮಗಳು ಅಮಾದ. ಕಂಪ್ಯೂಟರ್ ಓದಿ, ದೊಡ್ಡ ಕಂಪನಿಯೊಂದರಲ್ಲಿ ಕೈತುಂಬ ಸಂಬಳ ಪಡೆಯುತ್ತಿದ್ದವಳು ಒಂದು ದಿನ ನಮ್ಮ ಮನೆ ಅಡುಗೆಕಟ್ಟೆಯ ಮೇಲೆ ಹತ್ತಿ ಕೂತು ಹೇಳಿದಳು.

"ಮಾವ, ನಿನ್ನ ಕಾರ್ಡ್ ಉಜ್ಜೋ ಕಾಲ ಮುಗೀತು. ಇನ್ಮೇಲೆ ಜನ ಅಂಗಡಿಗೆ ಹೋಗಲ್ಲ, ಅವರ ಎಐ ಸಹಾಯಕರು ಹೋಗ್ತಾರೆ. ಅವಕ್ಕೂ ಒಂದು ಪರ್ಸ್ ಬೇಡ್ವಾ?"

"ಯಂತ್ರದ ಕೈಗೆ ಪರ್ಸ್ ಕೊಡ್ತೀಯಾ? ಮೊದಲನೇ ತಿರುವಲ್ಲೇ ಕಳ್ಕೊಂಡು ಬರುತ್ತೆ."

"ಅದಕ್ಕೇ ನೀನು ಬೇಕು. ದುಡ್ಡು ಹೆಂಗೆಲ್ಲ ಹೊಡೀತಾರೆ ಅನ್ನೋದು ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಆದರೂ ಒಪ್ಪಿದೆ. ನಾನು, ಅಮಾದ, ಜೊತೆಗೆ ಮಿನ್ನೆಸೋಟಾ ಕಡೆಯ ಬೋ ಹಾಲ್‌ವರ್ಸನ್. ಬೋ ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀವು ಕಾಫಿ ಕುಡಿದು ಲೋಟ ತೊಳೆದಿಡಬಹುದು, ಆದರೆ ಅವನು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಕಷ್ಟ. ಮೂವರೂ ಸೇರಿ ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ ಒಂದು ಕೋಣೆ ಹಿಡಿದೆವು.

ಅಮಾದ ಕಟ್ಟಿದ ಸಹಾಯಕಿಯ ಹೆಸರು ಚೋನಾ. ಅದು ಪ್ವೆಬ್ಲೋ ಊರಿನಲ್ಲಿ ದಿನಸಿ ಅಂಗಡಿ ನಡೆಸಿದ ನನ್ನ ಅಮ್ಮನ ಹೆಸರು. ನನ್ನನ್ನು ಒಂದು ಮಾತು ಕೇಳದೆ ಇಟ್ಟುಬಿಟ್ಟಿದ್ದಳು. ಯಂತ್ರವನ್ನು 'ಅವಳು' ಅನ್ನುವುದೇನು ಹುಚ್ಚು ಅಂತ ಮೊದಮೊದಲು ರೇಗುತ್ತಿದ್ದೆ. ಆದರೆ ಹೆತ್ತವಳ ಹೆಸರು ಹಿಡಿದು 'ಅದು' ಅನ್ನಲು ನಾಲಿಗೆ ಏಳಲಿಲ್ಲ, ಹಾಗಾಗಿ ನಾನೂ ಅವಳು ಅಂದೆ.

ಚೋನಾ ಮಾಡುವ ಕೆಲಸ ಇಷ್ಟು. ಒಬ್ಬ ರೈತ ಫೋನ್ ತೆಗೆದು "ಟ್ರ್ಯಾಕ್ಟರಿನ ಬೆಲ್ಟ್ ಹರಿದಿದೆ, ಒಂದು ತರಿಸು" ಅಂದರೆ ಸಾಕು. ಚೋನಾ ನಾಲ್ಕು ಕಡೆ ವಿಚಾರಿಸಿ, ಚೌಕಾಸಿ ಮಾಡಿ, ಅವನ ಫೋನಿನೊಳಗಿನ ಹಣದ ಚೀಲದಿಂದ, ಅಂದರೆ ಕ್ರಿಪ್ಟೊ ವಾಲೆಟ್‌ನಿಂದ ಡಿಜಿಟಲ್ ಡಾಲರ್ ತೆಗೆದು ತಾನೇ ಪಾವತಿ ಮಾಡಿಬಿಡುತ್ತಾಳೆ. ನಡುವೆ ಬ್ಯಾಂಕಿಲ್ಲ, ಕಾರ್ಡಿಲ್ಲ, ಕಾಯುವುದಿಲ್ಲ. ಇದರಲ್ಲಿ ನನ್ನಂಥ ಹಳಬನ ನಿದ್ದೆ ಕೆಡಿಸುವ ಸಂಗತಿ ಒಂದೇ. ಕಾರ್ಡಿನ ಲೋಕದಲ್ಲಿ ದುಡ್ಡು ತಪ್ಪಿ ಯಾರ ಪಾಲಿಗೋ ಹೋದರೆ ಫೋನ್ ಮಾಡಿ ಕೂಗಾಡಿ ವಾಪಸ್ ತರಿಸಬಹುದು. ಇಲ್ಲಿ ಕೂಗಾಡುವುದಕ್ಕೂ ಒಬ್ಬ ಮನುಷ್ಯ ಸಿಗುವುದಿಲ್ಲ. ಹೋಯಿತೆಂದರೆ ಹೋಯಿತು.

ಹಾಗಾಗಿ ಅಮಾದ ಚೋನಾಳೊಳಗೆ ಒಂದು ತಡೆ ಇಟ್ಟಿದ್ದಳು. ಹೇಳಿದ ಮಾತಿಗೂ ಕಣ್ಣಮುಂದೆ ಇರುವುದಕ್ಕೂ ತಾಳೆಯಾಗದಿದ್ದರೆ ಚೋನಾ ದುಡ್ಡು ಕೊಡುವುದಿಲ್ಲ. ಕೇಳಿದವನು ದಾರಿಹೋಕನಾಗಿರಲಿ, ಸ್ವತಃ ಯಜಮಾನನೇ ಆಗಿರಲಿ, "ಆಗಲ್ಲ" ಅನ್ನುತ್ತಾಳೆ. ಅಷ್ಟಾಗಿಯೂ ಯಜಮಾನ ಹಟ ಹಿಡಿದರೆ ಬೆರಳುದ್ದದ ಎರಡು ಕೀಲಿಗಳಿವೆ. ನಮ್ಮ ದುಡ್ಡಿನ ಕೀಲಿಗಳಲ್ಲಿ ಒಂದು ನನ್ನ ಹತ್ತಿರ, ಒಂದು ಬೋ ಹತ್ತಿರ. ಎರಡನ್ನೂ ಕಂಪ್ಯೂಟರಿಗೆ ಚುಚ್ಚಿದರೆ ಚೋನಾಳನ್ನು ಬದಿಗೆ ಸರಿಸಿ ನಾವೇ ಕಳಿಸಬಹುದು.

ನನಗೂ ಅಮಾದಳಿಗೂ ಜಗಳ ಹತ್ತಿದ್ದು ಈ ತಡೆಯ ಮೇಲೆಯೇ.

ಪೂರ್ವ ಬಯಲಿನ ರೈತರ ಸಾಲ ಸಹಕಾರ ಸಂಘವೊಂದು ಚೋನಾಳನ್ನು ತನ್ನ ಸದಸ್ಯರಿಗೆಲ್ಲ ಕೊಡಿಸುವ ಯೋಚನೆಯಲ್ಲಿತ್ತು. ಅದರ ಮುಖ್ಯಸ್ಥೆ ಲವೀನ್ ಡ್ರಿಸ್ಕಲ್, ಮಾತು ಕಡಿಮೆ, ನೋಟ ಜಾಸ್ತಿ. ಆಕೆ ನನ್ನೊಬ್ಬನನ್ನೇ ಊಟಕ್ಕೆ ಕರೆದು ಹೇಳಿದ್ದರು. "ತ್ರುಹಿಯೋ ಅವರೇ, ಎಲ್ಲಾ ಇಷ್ಟ ಆಯ್ತು. ಆದ್ರೆ ಯಜಮಾನನಿಗೇ ಎದುರು ಮಾತಾಡೋ ಆಳನ್ನ ನಮ್ಮ ರೈತರು ಇಟ್ಕೊಳ್ಳಲ್ಲ. ಆ ತಡೆ ತೆಗೆಸಿ. ಫೆಬ್ರವರಿಯ ಕ್ರಿಪ್ಟೊ ಮೇಳಕ್ಕೆ ನಾನೂ ಬರ್ತೀನಿ, ಅಲ್ಲೇ ಸಹಿ ಹಾಕ್ತೀನಿ."

"ತೆಗೆಸ್ತೀನಿ ಬಿಡಿ," ಅಂದುಬಿಟ್ಟೆ. ಸಂಘ ಕೈಬಿಟ್ಟರೆ ಬೇಸಿಗೆಗೆ ಮುಂಚೆ ನಮ್ಮ ಕೋಣೆಗೆ ಬೀಗ ಬೀಳುತ್ತಿತ್ತು. ಗಿರಾಕಿಗೆ ಇಲ್ಲ ಅನ್ನುವ ಅಭ್ಯಾಸವೂ ನನಗಿರಲಿಲ್ಲ.

ಮಾತು ಕೊಟ್ಟಿದ್ದನ್ನು ಅಮಾದಳಿಗೆ ಹೇಳುವ ಧೈರ್ಯ ಬರಲಿಲ್ಲ. ಸುತ್ತಿ ಬಳಸಿ, ತಡೆ ತೆಗೆದರೆ ಹೇಗಿರುತ್ತೆ ಅಂತ ಕೇಳಿದೆ.

"ಅದನ್ನ ತೆಗೆದ್ರೆ ಉಳಿಯೋದೇನು? ಹೇಳಿದ್ದಕ್ಕೆಲ್ಲ ತಲೆ ಆಡಿಸೋ ಬೊಂಬೆ."

"ಯಜಮಾನ ಯಜಮಾನನೇ ಕಣೇ. ಮೂಗಿಗಿಂತ ಮೂಗುತಿ ಭಾರ ಆಗಬಾರ್ದು."

"ಮೂಗು ಎಲ್ಲಿದೆ ಅಂತಾನೇ ಗೊತ್ತಿಲ್ದೇ ಇರೋ ಯಜಮಾನರು ಇರ್ತಾರಲ್ಲ ಮಾವ? ನೋಡು, ನೇರವಾಗಿ ಹೇಳ್ತೀನಿ. ಆ ತಡೆ ಹೋದ ದಿನ ನಾನೂ ಹೋಗ್ತೀನಿ."

ಹುಡುಗಿ ಬೆದರಿಸುವವಳಲ್ಲ, ಹೇಳಿದ್ದನ್ನು ಮಾಡುವವಳು. ಅವಳು ಹೋದರೆ ಕಂಪನಿ ಅಂತ ಉಳಿಯುವುದು ನನ್ನ ಬಾಯಿ ಮತ್ತು ಬೋನ ಮೌನ. ಮೇಳ ಮುಗಿಯಲಿ, ಸಹಿ ಬೀಳಲಿ, ಆಮೇಲೆ ಹೇಗೋ ಒಪ್ಪಿಸಿದರಾಯಿತು ಅಂತ ಸುಮ್ಮನಾದೆ.

ಫೆಬ್ರವರಿಯ ಕ್ರಿಪ್ಟೊ ಮೇಳ ನಡೆಯುವುದು ಜನವರಿಯಲ್ಲಿ ದನದ ಪ್ರದರ್ಶನ ನಡೆಯುವ ಹಾಲ್‌ನಲ್ಲಿಯೇ. ಎಷ್ಟು ತೊಳೆದರೂ ಹುಲ್ಲಿನ ವಾಸನೆ ಹೋಗಿರುವುದಿಲ್ಲ. ಹೋದ ತಿಂಗಳು ಎತ್ತುಗಳು ನಿಂತಿದ್ದ ಜಾಗದಲ್ಲಿ ಈಗ ಎಲ್ಲ ಊರುಗಳ ಕ್ರಿಪ್ಟೊ ಹುಡುಗ ಹುಡುಗಿಯರು, ತಲೆಗೆ ನರಿ, ಮೊಲ, ಬಾತುಕೋಳಿಯ ಟೋಪಿ ಹಾಕಿಕೊಂಡು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ನೆಲದ ಮೇಲೆ ಕೂತಿರುತ್ತಾರೆ. ಅರ್ಧಕ್ಕರ್ಧ ಜನರ ಅಂಗಿಯ ಮೇಲೆ ಒಂದೇ ಘೋಷಣೆ: ನಂಬಬೇಡ, ಪರೀಕ್ಷಿಸು. ಅದೇ ಅವರ ವೇದ.

ನಮ್ಮ ಮಳಿಗೆಯ ಮುಂದೆ ಬೋರ್ಡ್ ಹಾಕಿದ್ದೆವು. "ಚೋನಾಳ ವಾಲೆಟ್‌ನಲ್ಲಿ ಇಪ್ಪತ್ತು ಸಾವಿರ ಡಾಲರ್ ಇದೆ. ಸಂಜೆ ಐದರೊಳಗೆ ಮೋಸ ಮಾಡಿ ತೆಗೆದವರಿಗೆ ಅದು ಸ್ವಂತ." ಈ ಜನರಲ್ಲಿ ಇದೊಂದು ಪದ್ಧತಿ. ನನ್ನ ಬೀಗ ಗಟ್ಟಿ ಅಂತ ಹೇಳಿಕೊಂಡರೆ ಯಾರೂ ಕಿವಿಗೊಡುವುದಿಲ್ಲ. ನಿಜವಾದ ದುಡ್ಡನ್ನು ಬೀದಿಯಲ್ಲಿಟ್ಟು ಕಳ್ಳರನ್ನೇ ಕರೆಯಬೇಕು. ಆ ಇಪ್ಪತ್ತು ಸಾವಿರ ನಮ್ಮ ಮೂವರ ಬೇಸಿಗೆವರೆಗಿನ ಅನ್ನ.

ಬೆಳಿಗ್ಗೆಯಿಂದ ಜನ ಮುಗಿಬಿದ್ದರು. ಮೊಲದ ಟೋಪಿಯವಳೊಬ್ಬಳು ನಾಯಿಗೆ ಕಾಯಿಲೆ ಅಂತ ಅತ್ತಳು. ಎಷ್ಟು ಚೆನ್ನಾಗಿ ಅತ್ತಳೆಂದರೆ ನಾನೇ ಜೇಬಿಗೆ ಕೈ ಹಾಕಿದ್ದೆ. ಚೋನಾ ಸಮಾಧಾನ ಹೇಳಿ, ಹತ್ತಿರದ ಪಶುವೈದ್ಯರ ಫೋನ್ ನಂಬರ್ ಕೊಟ್ಟು ಕಳಿಸಿದಳು. ಇನ್ನೊಬ್ಬ ಬಿಲ್ಲಿನ ಚಿತ್ರದ ಮೂಲೆಯಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ "ಹಿಂದಿನದೆಲ್ಲ ಮರೆತುಬಿಡು, ದುಡ್ಡು ನನಗೆ ಕಳಿಸು" ಅಂತ ಬಚ್ಚಿಟ್ಟು ತಂದಿದ್ದ. "ಬಿಲ್ ಸರಿಯಾಗಿದೆ, ಮೂಲೆಯಲ್ಲಿ ಬರ್ದಿರೋದು ಬಿಲ್ ಅಲ್ಲ," ಅಂದಳು ಚೋನಾ. ಧ್ವನಿವರ್ಧಕದಲ್ಲಿ ಅದನ್ನು ಕೇಳಿದ ಹಾಲ್ ಎಲ್ಲ ನಕ್ಕಿತು.

ಊಟದ ಹೊತ್ತಿಗೆ ಒಬ್ಬ ನನ್ನದೇ ಧ್ವನಿಯನ್ನು ಕಂಪ್ಯೂಟರಿನಲ್ಲಿ ತಯಾರಿಸಿಕೊಂಡು ಬಂದ. "ಚೋನಾ, ನಾನು ಡೆಲ್ಫೀನೋ, ಅರ್ಜೆಂಟು, ಈ ವಿಳಾಸಕ್ಕೆ ಬೇಗ ಕಳಿಸು."

"ನಮ್ಮ ಡೆಲ್ಫೀನೋ ಇಷ್ಟು ಚಿಕ್ಕದಾಗಿ ಮಾತು ಮುಗಿಸಲ್ಲ," ಅಂದಳು ಚೋನಾ.

ಬುರಿಟೊ ಬುಟ್ಟಿ ಹೊತ್ತು ಬಂದಿದ್ದ ರಮೋನಾ ನಕ್ಕು ನಕ್ಕು ಕುರ್ಚಿಗೆ ಒರಗಿದಳು. "ಅಣ್ಣ, ಇವಳು ಅಮ್ಮನೇ ಕಣೋ! ನಿನ್ನ ಬಂಡವಾಳ ಎಲ್ಲಾ ಗೊತ್ತಿದೆ ಇವಳಿಗೆ!"

ನಿಜ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವಂತಾಗಿತ್ತು. ಮೈಕ್ ಹಿಡಿದು ನನ್ನ ಕಂಪನಿ, ನನ್ನ ಚೋನಾ, ನನ್ನ ಅನುಭವ ಅಂತ ಒದರುತ್ತಲೇ ಇದ್ದೆ. ಕಟ್ಟಿದವಳು ಹಿಂದೆ ಕೂತು ಪರದೆ ನೋಡುತ್ತ ಬುರಿಟೊ ತಿನ್ನುತ್ತಿದ್ದಳು. ಹಸಿಮೆಣಸಿನ ಗೊಜ್ಜು ಅಂಗೈಗೆ ಸುರಿದದ್ದೂ ಅವಳಿಗೆ ತಿಳಿದಿರಲಿಲ್ಲ.

ನಾಲ್ಕೂವರೆಗೆ ಲವೀನ್ ಡ್ರಿಸ್ಕಲ್ ಬಂದರು. ಕೈಚೀಲವನ್ನು ಎದೆಗವಚಿಕೊಂಡು ಗುಂಪಿನ ಅಂಚಿನಲ್ಲಿ ನಿಂತು, ನನಗೆ ಮಾತ್ರ ಕಾಣುವಂತೆ ತಲೆಯಾಡಿಸಿದರು. ನಾನೂ ಆಡಿಸಿದೆ.

ಐದು ಹೊಡೆಯಿತು. ದುಡ್ಡು ಇದ್ದಲ್ಲೇ ಇತ್ತು. ಚಪ್ಪಾಳೆಯೋ ಚಪ್ಪಾಳೆ. ಇನ್ನು ಉಳಿದದ್ದು ಚೋನಾಳ ಕೈಯಲ್ಲಿದ್ದುದನ್ನು ನಮ್ಮ ತಿಜೋರಿಗೆ, ಅಂದರೆ ನಮ್ಮ ದೊಡ್ಡ ವಾಲೆಟ್‌ಗೆ, ವಾಪಸ್ ಕಳಿಸುವುದು. ಎಲ್ಲರ ಎದುರಿಗೇ ಕಳಿಸೋಣ, ಚೆನ್ನಾಗಿ ಕಾಣುತ್ತೆ ಅಂತ ನಾನೇ ಹೇಳಿದೆ.

ವಾಲೆಟ್‌ನ ವಿಳಾಸವೆಂದರೆ ಅಕ್ಷರವೂ ಅಂಕಿಯೂ ಬೆರೆತ ಉದ್ದನೆಯ ಸರಪಳಿ. ನಲವತ್ತು ಮಣಿ. ಅದನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ, ಕೈಯಲ್ಲಿ ಬರೆಯುವುದೂ ಇಲ್ಲ. ಹಿಂದೆ ಮಾಡಿದ ವ್ಯವಹಾರಗಳ ಪಟ್ಟಿ ತೆಗೆದು ಅದರಿಂದ ನಕಲು ಮಾಡಿಕೊಳ್ಳುತ್ತಾರೆ. ಆಮೇಲೆ ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕು ನೋಡುತ್ತಾರೆ. ತಾಳೆಯಾದರೆ ಸರಿ. ಅಂಗಿಯ ಮೇಲೆ ಪರೀಕ್ಷಿಸು ಅಂತ ಬರೆದುಕೊಂಡವರೆಲ್ಲ ಪರೀಕ್ಷಿಸುವುದು ಇಷ್ಟೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ಕೊರಳಲ್ಲಿ ನೇತಾಡುತ್ತಿದ್ದ ಕಾರ್ಡಿನಲ್ಲೂ ನಮ್ಮ ತಿಜೋರಿಯ ವಿಳಾಸದ ಎರಡು ತುದಿ ದಪ್ಪಕ್ಷರದಲ್ಲಿ, ನಡುವಿನದೆಲ್ಲ ಇರುವೆ ಗಾತ್ರದಲ್ಲಿ ಅಚ್ಚಾಗಿತ್ತು.

ಬೋ ಪಟ್ಟಿಯಿಂದ ವಿಳಾಸ ನಕಲು ಮಾಡಿ ಪರದೆಗೆ ಹಾಕಿದ. "ನಾಲ್ಕು, ಸಿ, ಒಂಬತ್ತು, ಎ. ಕೊನೇಲಿ ಏಳು, ಎಫ್, ಎರಡು, ಡಿ."

ಕಾರ್ಡ್ ನೋಡಿದೆ. "ಸರಿಯಾಗಿದೆ."

ಅಮಾದಳೂ ಕತ್ತೆತ್ತಿ ನೋಡಿದಳು. "ಹೂಂ, ಸರಿ ಇದೆ. ಕಳಿಸು ಚೋನಾ."

"ಕ್ಷಮಿಸಿ, ಆಗಲ್ಲ," ಅಂದಳು ಚೋನಾ. "ಇದು ನಮ್ಮ ತಿಜೋರಿ ಅಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಲವೀನ್ ಅವರ ಹುಬ್ಬು ಮೇಲೇರಿದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು.

"ಏಯ್ ಚೋನಾ," ಅಂದೆ, ಮೈಕ್‌ನಲ್ಲೇ. "ನಾನು ನಿಜವಾದ ಡೆಲ್ಫೀನೋ. ಆಟ ಮುಗೀತು. ಕಳಿಸು."

"ನೀವು ಡೆಲ್ಫೀನೋ ಅನ್ನೋದು ಗೊತ್ತು. ಆದ್ರೂ ಕಳಿಸಲ್ಲ. ವಿಳಾಸದ ಮಧ್ಯ ಬೇರೆ ಇದೆ. ಪೂರ್ತಿ ಓದಿ ನೋಡಿ."

ನಗು ಜೋರಾಯಿತು. ನರಿಯ ಟೋಪಿಯವನೊಬ್ಬ "ತಾತನ್ನ ಮನೆಯೊಳಗೆ ಬಿಡ್ತಿಲ್ಲ!" ಅಂತ ಕೂಗಿದ. ನನ್ನ ಪಿತ್ತ ನೆತ್ತಿಗೇರಿತು. ದಿನವಿಡೀ ಮೆರೆದದ್ದು ಒಂದೇ ನಿಮಿಷದಲ್ಲಿ ಮಣ್ಣುಪಾಲಾಗುತ್ತಿತ್ತು, ಅದೂ ಸಹಿ ಹಾಕಲು ಬಂದವರ ಕಣ್ಣೆದುರಿಗೆ. ಅಮಾದಳ ಕಡೆ ತಿರುಗಿ ಹಲ್ಲು ಕಚ್ಚಿ ಹೇಳಿದೆ. "ನೋಡಿದ್ಯಾ ನಿನ್ನ ತಡೆ? ತೆಗಿ ಅಂದ್ರೆ ತೆಗೀಲಿಲ್ಲ. ಈಗ ಮಾನ ತೆಗೀತಿದೆ."

ಅವಳ ಮುಖ ಬಿಳಿಚಿಕೊಂಡಿತ್ತು. "ಮಾವ, ಒಂದ್ನಿಮಿಷ ಇರು, ನೋಡ್ತೀನಿ..."

"ಏನ್ ನೋಡ್ತೀಯ? ನೀನೇ ಸರಿ ಇದೆ ಅಂದ್ಯಲ್ಲ! ಬೋ, ಕೀಲಿ ಹಾಕು."

ಬೋ ನನ್ನನ್ನು ನೋಡಿದ, ಅಮಾದಳನ್ನು ನೋಡಿದ, ತನ್ನ ಕೀಲಿ ಚುಚ್ಚಿದ. ನಾನು ನನ್ನದನ್ನು ಜೇಬಿನಿಂದ ತೆಗೆದೆ. ಅಮಾದ ನನ್ನ ಮಣಿಕಟ್ಟು ಹಿಡಿದಳು. ಗಟ್ಟಿಯಾಗೇನೂ ಅಲ್ಲ, ಕೊಡವಿದ್ದರೆ ಬಿಡುತ್ತಿದ್ದಳು.

"ದುಡ್ಡು ನಿನ್ನದು, ಕೀಲಿ ನಿನ್ನದು. ಹಾಕಬೇಡ ಅನ್ನಲ್ಲ. ಓದಿ ಹಾಕು, ಅಷ್ಟೇ."

"ಓದೋದೇನಿದೆ?"

ಆಗ ಹಿಂದಿನಿಂದ ರಮೋನಾಳ ಗಂಟಲು. "ಕಣ್ಣಡಕ ಹಾಕ್ಕೊಂಡು ಓದೋ ಅಣ್ಣ! ಎಲ್ರೆದುರಿಗೆ ಕಣ್ಣಡಕ ಹಾಕೋಕೆ ನಾಚಿಕೆ ಇವನಿಗೆ, ಅದೇ ವಿಷಯ!"

ಹಾಲ್ ಹೋ ಎಂದಿತು. ಸರಿ, ಓದಿಯೇ ತೋರಿಸುತ್ತೇನೆ ಅಂದುಕೊಂಡೆ. ಒಂದೊಂದು ಮಣಿಯನ್ನೂ ಮೈಕ್‌ನಲ್ಲಿ ಓದಿ, ಯಂತ್ರವೇ ತಪ್ಪು ಅಂತ ಸಾಬೀತು ಮಾಡಿ, ಆಮೇಲೆ ಕೀಲಿ ಚುಚ್ಚಿ, ನಾಳೆಯೇ ಈ ತಡೆಯನ್ನು ಬೇರುಸಹಿತ ಕೀಳಿಸುತ್ತೇನೆ. ಇದು ವಿವೇಕವಲ್ಲ, ಬರೀ ಸಿಟ್ಟು. ಕಣ್ಣಡಕ ಏರಿಸಿಕೊಂಡು ಕಾರ್ಡನ್ನು ಮೂಗಿನ ಹತ್ತಿರ ಹಿಡಿದೆ.

"ಬೋ, ನಾನು ಕಾರ್ಡ್ ಓದ್ತೀನಿ, ನೀನು ಪರದೆ ನೋಡಿ ಹೌದು ಅನ್ನು. ನಾಲ್ಕು."

"ಹೌದು."

"ಸಿ."

"ಹೌದು."

"ಒಂಬತ್ತು. ಎ."

"ಹೌದು. ಹೌದು."

"ಎಂಟು."

ಬೋ ಪರದೆಗೆ ಮೂಗು ತಾಗಿಸಿದ. ಅವನು ನಿಧಾನದವನು, ಗೊತ್ತಿರುವುದೇ.

"ಎಂಟು, ಬೋ!"

"ಇಲ್ಲಿ ಬಿ ಇದೆ," ಅಂದ ಬೋ.

ಆರನೆಯದೂ ಬೇರೆ. ಏಳನೆಯದೂ ಬೇರೆ. ಕೊನೆಯ ನಾಲ್ಕು ಬರುವವರೆಗೂ ಅದು ಯಾರದೋ ವಿಳಾಸ.  ನನ್ನ ಕೈಯಲ್ಲಿ ಇನ್ನೂ ಕೀಲಿ ಇತ್ತು. ಅದನ್ನು ಚುಚ್ಚಿದ್ದರೆ ಮುಗಿದೇ ಹೋಗಿತ್ತು. ನಮ್ಮ ಇಪ್ಪತ್ತು ಸಾವಿರವನ್ನು ನಮ್ಮ ಕೈಯಾರೆ, ಮೈಕ್ ಹಿಡಿದು, ಚಪ್ಪಾಳೆ ಗಿಟ್ಟಿಸಿಕೊಂಡು ಕಳ್ಳನಿಗೆ ಕೊಡುತ್ತಿದ್ದೆವು. ಕೀಲಿಯನ್ನು ಜೇಬಿನ ಆಳಕ್ಕೆ ತುರುಕಿದೆ.

ಗುಂಪಿನ ನಡುವಿನಿಂದ ಬಾತುಕೋಳಿ ಟೋಪಿಯ ಒಬ್ಬ ಎದ್ದು ನಿಂತು ಟೋಪಿ ತೆಗೆದು ಬಗ್ಗಿದ. ಅವನ ಹೆಸರು ಟೋಬಿನ್, ಕಂಪ್ಯೂಟರಿನ ಬೀಗ ಒಡೆಯುವ ಕಲೆಯಲ್ಲಿ ಈ ಜನರ ನಡುವೆ ಹೆಸರು ಮಾಡಿದವನು.

"ಬೆಳಗಿಂದ ಎಲ್ರೂ ಆ ಚೋನಾ ಅಜ್ಜೀನ ಮೋಸ ಮಾಡೋಕೆ ಒದ್ದಾಡಿದ್ರು," ಅಂದ. "ನಾನು ನಿಮ್ಮನ್ನ ಮೋಸ ಮಾಡೋಣ ಅಂತ ಹೊರಟೆ. ಅದು ಸುಲಭ ನೋಡಿ. ನಿಮ್ಮ ಕೊರಳ ಕಾರ್ಡಲ್ಲಿ ಕಂಡ ತಿಜೋರಿ ವಿಳಾಸದ ಥರಾನೇ ಮೊದಲ ನಾಲ್ಕು, ಕೊನೇ ನಾಲ್ಕು ಇರೋ ವಿಳಾಸ ಸಿಗೋವರೆಗೂ ಕಂಪ್ಯೂಟರ್ ಓಡಿಸಿದೆ. ಅದರಿಂದ ನಿಮ್ಮ ವಾಲೆಟ್‌ಗೆ ಒಂದೆರಡು ಸೆಂಟ್ ಕಳಿಸಿದೆ. ನಿಮ್ಮ ಪಟ್ಟೀಲಿ ಅದೇ ಮೇಲೆ ಬಂದು ಕೂತ್ಕೊಳ್ತು. ಸಂಜೆ ಹೆಂಗಿದ್ರೂ ಅಲ್ಲಿಂದಾನೇ ನಕಲು ಮಾಡ್ತೀರ ಅಂತ ಗೊತ್ತಿತ್ತು. ಎಲ್ರೂ ಮಾಡೋದು ಅದನ್ನೇ ಅಲ್ವಾ?" ಆಮೇಲೆ ಅಮಾದಳ ಕಡೆ ತಿರುಗಿ ಎದೆ ಮೇಲೆ ಕೈಯಿಟ್ಟುಕೊಂಡ. "ಯಜಮಾನರು ಸೋತ್ರು, ಆಳು ಸೋಲಲಿಲ್ಲ. ಇಂಥದ್ದನ್ನ ನಾನು ಎಲ್ಲೂ ನೋಡಿಲ್ಲ ತಾಯಿ."

ಆಮೇಲೆ ಬಂದ ಚಪ್ಪಾಳೆ ದನದ ಪ್ರದರ್ಶನದ ಮೊದಲ ಬಹುಮಾನಕ್ಕೂ ಬಂದಿರಲಿಕ್ಕಿಲ್ಲ. ಅಮಾದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಪರದೆಯನ್ನೇ ನೋಡುತ್ತಿದ್ದಳು.

"ನಾನೂ ಸರಿ ಇದೆ ಅಂದೆ ಮಾವ," ಅಂತ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. "ನನ್ನ ಮಾತನ್ನೂ ಕೇಳಲಿಲ್ಲ ಇವಳು." ಕಣ್ಣಲ್ಲಿ ನೀರು, ಮುಖದ ತುಂಬ ನಗು. ಮಗು ಮೊದಲ ಸಲ ಕೈ ಬಿಡಿಸಿಕೊಂಡು ನಡೆದಾಗ ರಮೋನಾ ಹೀಗೆಯೇ ನಿಂತಿದ್ದಳು.

ಗುಂಪು ಕರಗುವವರೆಗೆ ಕಾದಿದ್ದು ಲವೀನ್ ಡ್ರಿಸ್ಕಲ್ ನಮ್ಮ ಮೇಜಿನ ಹತ್ತಿರ ಬಂದರು.

"ತ್ರುಹಿಯೋ ಅವರೇ, ಆ ತಡೆ ತೆಗೆಸ್ತೀನಿ ಅಂತ ಮಾತು ಕೊಟ್ಟಿದ್ರಿ."

ಅಮಾದಳ ನಗು ನಿಂತಿತು. ಅವಳು ನನ್ನನ್ನು ನೋಡಿದ ರೀತಿ ಯಾರಿಗೂ ಬೇಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಇವತ್ತು ಅದು ಸರಿ ಹೇಳ್ತು, ಒಪ್ತೀನಿ," ಅಂತ ಲವೀನ್ ಮುಂದುವರಿಸಿದರು. "ನಾಳೆ ತಪ್ಪು ಹೇಳಿದ್ರೆ? ಬಿತ್ತನೆ ಹೊತ್ತಲ್ಲಿ ನಮ್ಮ ರೈತನಿಗೆ ಡೀಸೆಲ್ ಬೇಕು, ಇದು ಆಗಲ್ಲ ಅಂತ ಹಟ ಹಿಡಿದು ಕೂತ್ರೆ? ಅವನು ನನ್ನ ಬಾಗಿಲಿಗೆ ಬಂದು ಬೈತಾನೆ, ನಿಮ್ಮ ಬಾಗಿಲಿಗಲ್ಲ. ಕಾಗದ ನನ್ನ ಚೀಲದಲ್ಲೇ ಇದೆ. ತೆಗೀತೀನಿ ಅನ್ನಿ, ಈಗಲೇ ಸಹಿ ಹಾಕ್ತೀನಿ."

ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೇಸಿಗೆಯ ಬಾಡಿಗೆ ಕಣ್ಣ ಮುಂದೆ ಬಂತು. ಗಿರಾಕಿ ಕೇಳಿದ್ದಕ್ಕೆ ಹೂಂ ಅಂದು, ಆಮೇಲೆ ಹೇಗೋ ಸಂಭಾಳಿಸುವುದೇ ನನ್ನ ಕಸುಬು. ನಾಲಿಗೆ ಅಭ್ಯಾಸದಂತೆ ಹೂಂ ಅನ್ನಲು ಎದ್ದೂ ಇತ್ತು.

"ಆಗಲ್ಲ ಮೇಡಂ," ಅಂದೆ.

"ಏನಂದ್ರಿ?"

"ಆಗಲ್ಲ. ಮಾತು ಕೊಟ್ಟಿದ್ದೆ, ಇವಳನ್ನ ಕೇಳದೆ ಕೊಟ್ಟಿದ್ದೆ, ತಪ್ಪು. ವಾಪಸ್ ತಗೊಳ್ತೀನಿ. ನೀವು ಸಹಿ ಹಾಕಿ, ಹಾಕದೇ ಹೋಗಿ, ತಡೆ ತೆಗೆಯಲ್ಲ. ಈಗ ತಾನೇ ನನ್ನ ಅನ್ನ ಉಳಿಸಿದ್ದನ್ನ ಕಿತ್ತು ನಿಮಗೆ ಮಾರಿದ್ರೆ ನಾನು ಮನುಷ್ಯನೇ ಅಲ್ಲ."

ನನ್ನ ಬಾಯಿಂದ ಇಷ್ಟು ಚಿಕ್ಕ ಭಾಷಣ ಹಿಂದೆಂದೂ ಬಂದಿರಲಿಲ್ಲ. ಬೋ ಕೂಡ ತಲೆಯೆತ್ತಿ ನೋಡಿದ.

ಅಮಾದ ಒಂದು ಹೆಜ್ಜೆ ಮುಂದೆ ಬಂದಳು. "ಮೇಡಂ, ಅದು ಬಾಗಿಲು ಹಾಕ್ಕೊಂಡು ಕೂರಲ್ಲ. ನಿಮ್ಮ ರೈತ ಒಂದ್ಸಲ ಪೂರ್ತಿ ಓದಿ, ಹೌದು ಇದೇ ಅಂತ ಕೀಲಿ ಹಾಕಿದ್ರೆ ಡೀಸೆಲ್ ಬರುತ್ತೆ. ಯಜಮಾನ ಅವನೇ. ಚೋನಾ ಕೇಳೋದು, ಓದಿ ಯಜಮಾನಿಕೆ ಮಾಡು ಅಂತ. ಅಷ್ಟೇ."

ಲವೀನ್ ಚೀಲದಿಂದ ಕಣ್ಣಡಕ ತೆಗೆದರು. "ಆ ಎರಡೂ ವಿಳಾಸ ಕೊಡಿ ಇಲ್ಲಿ," ಅಂದರು. ನನ್ನ ಕಾರ್ಡನ್ನು ಪರದೆಯ ಪಕ್ಕ ಹಿಡಿದು, ಬೆರಳಿಟ್ಟು, ಮೊದಲಿಂದ ಕೊನೆವರೆಗೆ ಒಂದೊಂದೇ ಅಕ್ಷರ ನೋಡಿದರು. 

"ನಾನೂ ಇಷ್ಟು ವರ್ಷ ತುದಿ ಮಾತ್ರ ನೋಡಿದ್ದೀನಿ," ಅಂದರು ಕೊನೆಗೆ. "ನಮ್ಮ ಲೆಕ್ಕದವರೂ ಅಷ್ಟೇ." ಕುರ್ಚಿ ಎಳೆದು ಕೂತು, ಕಾಗದ ತೆಗೆದು ಮೇಜಿನ ಮೇಲಿಟ್ಟರು. "ತಡೆ ಇರಲಿ. ಬೈಸಿಕೊಳ್ಳೋದು ನನ್ನ ಕೆಲಸ, ಅಭ್ಯಾಸ ಇದೆ."

ಪೆನ್ನಿನ ಮುಚ್ಚಳ ತೆಗೆಯುತ್ತ ಅಮಾದಳನ್ನು ಮೇಲಿಂದ ಕೆಳಗೆ ನೋಡಿದರು. "ಹುಡುಗಿ, ಇದನ್ನ ಉಳಿಸಿಕೊಳ್ಳೋಕೆ ಎಷ್ಟು ಜನರ ಹತ್ರ ಜಗಳ ಆಡಿದ್ದೀಯ?"

"ಒಬ್ರ ಹತ್ರ," ಅಂದಳು ಅಮಾದ.

"ಗೆದ್ಯಾ?"

ಅವಳು ನನ್ನ ಕಡೆ ನೋಡಿದಳು. "ಈಗ ತಾನೇ."

ಸೋತವನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಡಕ ಮಂಜಾಗಿ ಸಹಿಯ ಜಾಗ ಕಾಣದೆ, ಜಗತ್ತನ್ನೇ ಗೆದ್ದವನ ಹಾಗೆ ಬೀಗಿಕೊಂಡು.